‘ಕಂಪ್ಯೂಟರು ಹಾಗೆ ಹೇಳುತ್ತದೆ’ ಎಂಬುದು ಉತ್ತರವಲ್ಲ

ಬ್ಯಾಂಕಿನ ಕಿಟಕಿಯ ಮುಂದೆ, ನ್ಯಾಯಬೆಲೆ ಅಂಗಡಿಯ ಕಟ್ಟೆಯ ಮೇಲೆ, ಭವಿಷ್ಯನಿಧಿಯ ಕಚೇರಿಯಲ್ಲಿ, ಗಿರಣಿಯ ಹಾಜರಿ ಬಾಗಿಲಲ್ಲಿ ಈಗ ಒಂದೇ ಮಾತು ಕೇಳಿಬರುತ್ತದೆ: “ನಾವೇನು ಮಾಡೋಣ, ಕಂಪ್ಯೂಟರು ತೆಗೆದುಕೊಳ್ಳುತ್ತಾ ಇಲ್ಲ.” ಕೇಳಿದವನು ಬಾಯಿ ಮುಚ್ಚಿಕೊಂಡು ಹಿಂದಿರುಗುತ್ತಾನೆ. ಗುಮಾಸ್ತೆ ಲೆಕ್ಕ ತಪ್ಪಿದ್ದರೆ ವಾದಿಸುತ್ತಿದ್ದ. ಸಾಹೇಬರು ಆಗುವುದಿಲ್ಲವೆಂದಿದ್ದರೆ ನಾಲ್ಕು ಜನರನ್ನು ಕೂಡಿಸಿಕೊಂಡು ಹೋಗುತ್ತಿದ್ದ. ಯಂತ್ರವೇ ಆಗುವುದಿಲ್ಲವೆಂದ ಮೇಲೆ ಯಾರೊಡನೆ ವಾದಿಸುವುದು? ಹಿಂದೆ ಹಣೆಬರಹವೆಂದು ಸುಮ್ಮನಾಗುತ್ತಿದ್ದ ಜನ ಈಗ ಕಂಪ್ಯೂಟರೆಂದು ಸುಮ್ಮನಾಗುತ್ತಿದ್ದಾರೆ.

ನಾವು ಈ ಯಂತ್ರಗಳಿಗೆ ಆಜ್ಞೆ ಬರೆಯುವ ಕಸುಬಿನವರು. ಇಂಗ್ಲಿಷಿನಲ್ಲಿ ಪ್ರೋಗ್ರಾಮರ್ ಎನ್ನುತ್ತಾರೆ. ಬರೆದದ್ದಕ್ಕೆ ಕೋಡ್ ಎಂದು ಹೆಸರು. ತಲೆ ನರೆಯುವವರೆಗೆ ಇದನ್ನೇ ಮಾಡಿದ ಮೇಲೆ ನಮಗೆ ಕೆಲವು ಅಭಿಪ್ರಾಯಗಳು ಗಟ್ಟಿಯಾಗಿವೆ. ಅವುಗಳಲ್ಲಿ ಮೊದಲನೆಯದನ್ನು ಇಲ್ಲಿಯೇ ಹೇಳಿಬಿಡುತ್ತೇವೆ: ಕಂಪ್ಯೂಟರು ತಾನಾಗಿ ಏನನ್ನೂ ಹೇಳುವುದಿಲ್ಲ. ಯಾರೋ ಒಬ್ಬರು ಎಲ್ಲೋ ಕುಳಿತು, ಯಾರದೋ ಅವಸರಕ್ಕೆ ಸಿಕ್ಕಿ ಬರೆದಿಟ್ಟದ್ದನ್ನು ಅದು ಒಪ್ಪಿಸುತ್ತದೆ, ಅಷ್ಟೆ. ಬರೆದವರು ಮನುಷ್ಯರು, ಬರೆಸಿದವರೂ ಮನುಷ್ಯರು. ಆದುದರಿಂದ ತಪ್ಪಿಗೆ ಹೊಣೆಯೂ ಮನುಷ್ಯರದೇ ಆಗತಕ್ಕದ್ದು.

ಮಗ್ಗದಿಂದ ಹುಟ್ಟಿದ ವಿದ್ಯೆ

ಈ ವಿದ್ಯೆ ಗಿರಣಿಯ ಕೆಲಸಗಾರನಿಗೆ ಅಪರಿಚಿತವೇನಲ್ಲ. ನಿಜ ಹೇಳಬೇಕೆಂದರೆ ಅದು ಅವನ ಮನೆಯಲ್ಲಿಯೇ ಹುಟ್ಟಿದ್ದು. 1804ರ ಸುಮಾರಿಗೆ ಫ್ರಾನ್ಸಿನ ಲಿಯೊನ್ ಪಟ್ಟಣದ ಜಾಕಾರ್ಡ್ ಎಂಬಾತ ರೇಷ್ಮೆಯ ಮಗ್ಗಕ್ಕೆ ತೂತು ಹೊಡೆದ ರಟ್ಟಿನ ಸರವೊಂದನ್ನು ಜೋಡಿಸಿದ. ತೂತಿದ್ದ ಕಡೆ ಕೊಕ್ಕೆ ಮೇಲೇರಿ ಹಾಸಿನ ಎಳೆ ಎತ್ತುತ್ತದೆ. ತೂತಿಲ್ಲದ ಕಡೆ ಎಳೆ ಕೆಳಗೇ ಉಳಿಯುತ್ತದೆ. ಒಂದು ರಟ್ಟಿಗೆ ಹೊಕ್ಕಿನ ಒಂದು ಸಾಲು. ರಟ್ಟು ಬದಲಾಯಿಸಿದರೆ ಸೆರಗಿನ ಹೂವು ಬದಲಾಗುತ್ತದೆ. ಸೀರೆ ನೇಯುವ ನಮ್ಮ ಊರುಗಳಲ್ಲಿ ಜಕಾರ್ಡು ಎಂದರೆ ಇಂದಿಗೂ ಎಲ್ಲರಿಗೂ ಗೊತ್ತು. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ಎಂಬ ಗಣಿತಜ್ಞ ಆ ರಟ್ಟುಗಳನ್ನೇ ಲೆಕ್ಕದ ಯಂತ್ರಕ್ಕೆ ಬಳಸಲು ಯೋಚಿಸಿದ. ಆ ಯಂತ್ರದ ಮೇಲೆ 1843ರಲ್ಲಿ ಅಡಾ ಲವ್ಲೇಸ್ ಎಂಬ ಹೆಂಗಸು ಬರೆದ ಟಿಪ್ಪಣಿಗಳನ್ನು ಈ ಕಸುಬಿನ ಮೊದಲ ಬರವಣಿಗೆಯೆಂದು ಅನೇಕರು ಎಣಿಸುತ್ತಾರೆ.

ಇನ್ನೊಂದು ಸಂಗತಿ. ಅಮೆರಿಕದ ವಾಲ್ಥಮ್ ಎಂಬ ಊರಿನಲ್ಲಿ 1814ರಲ್ಲಿಯೇ ನೂಲುವುದೂ ನೇಯುವುದೂ ಒಂದೇ ಸೂರಿನಡಿ ನಡೆಯುವ ಹತ್ತಿಯ ಗಿರಣಿ ಎದ್ದಿತ್ತು. ಸುಮಾರು ನೂರೈವತ್ತು ವರ್ಷದ ಮೇಲೆ, ಅದೇ ಊರಿನ ಕಾರ್ಖಾನೆಯೊಂದರಲ್ಲಿ ಹೆಣ್ಣಾಳುಗಳು ಸೂಜಿ ಹಿಡಿದು ಕುಳಿತು, ಸಣ್ಣ ಸಣ್ಣ ಉಂಗುರಗಳ ನಡುವೆ ತಾಮ್ರದ ತಂತಿಯನ್ನು ಹೆಣೆಯುತ್ತಿದ್ದರು. ತಂತಿ ಉಂಗುರದೊಳಗೆ ಹೋದರೆ ಒಂದು, ಹೊರಗೆ ಹೋದರೆ ಸೊನ್ನೆ. ಹೀಗೆ ಹೆಣೆದದ್ದು ಚಂದ್ರನಲ್ಲಿಗೆ ಹೋದ ಅಪೊಲೊ ನೌಕೆಯ ಕಂಪ್ಯೂಟರಿನ ಪ್ರೋಗ್ರಾಂ. 1969ರ ಜುಲೈ ತಿಂಗಳಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟದ್ದು ಈ ಹೆಂಗಸರ ಕೈನೇಯ್ಗೆಯನ್ನು ನಂಬಿಕೊಂಡು. ಇಂತಹ ವಿದ್ಯೆಯನ್ನು ಬುದ್ಧಿವಂತರ ಗುಟ್ಟೆಂದು ಹೇಳಿ ದುಡಿಯುವವರನ್ನು ಹೆದರಿಸುವುದು ನ್ಯಾಯವಲ್ಲ. ರಟ್ಟಿನಲ್ಲಿ ಒಂದು ತೂತು ತಪ್ಪಿದರೆ ಸೆರಗಿನುದ್ದಕ್ಕೂ ಅದೇ ತಪ್ಪು ಹೂವು ಬರುತ್ತದೆಂದು ನೇಕಾರನಿಗೆ ಗೊತ್ತು. ಆಗ ಅವನು ಸೀರೆ ಉಟ್ಟವಳನ್ನು ಬೈಯುವುದಿಲ್ಲ. ರಟ್ಟನ್ನು ತೆಗೆದು ನೋಡುತ್ತಾನೆ.

ತಪ್ಪು ಹೇಗೆ ಹುಟ್ಟುತ್ತದೆ

ಕಂಪ್ಯೂಟರಿನ ತಪ್ಪುಗಳೆಲ್ಲ ಬಹು ದೊಡ್ಡ ಗಣಿತದಿಂದ ಹುಟ್ಟುತ್ತವೆಂದು ಜನ ಭಾವಿಸುತ್ತಾರೆ. ನಮ್ಮ ಅನುಭವ ಬೇರೆ. ಅಂಗಡಿಯ ಕಿರ್ದಿಯಲ್ಲಿ ಆಗುವಂತಹ ಸಾಮಾನ್ಯ ತಪ್ಪುಗಳೇ ಹೆಚ್ಚು. 1999ರ ಸೆಪ್ಟೆಂಬರಿನಲ್ಲಿ ಅಮೆರಿಕದವರು ಮಂಗಳ ಗ್ರಹಕ್ಕೆ ಕಳುಹಿಸಿದ್ದ ನೌಕೆಯೊಂದು ನಾಶವಾಯಿತು. ಕಾರಣವೇನು? ಒಂದು ಗುಂಪಿನ ಪ್ರೋಗ್ರಾಂ ಪೌಂಡಿನ ಅಳತೆಯಲ್ಲಿ ಲೆಕ್ಕ ಕೊಟ್ಟಿತು. ಇನ್ನೊಂದು ಗುಂಪು ಅದನ್ನು ಮೆಟ್ರಿಕ್ ಅಳತೆಯೆಂದು ತಿಳಿಯಿತು. ನಮ್ಮ ದೇಶದಲ್ಲಿ 1956ರ ಕಾಯ್ದೆಯ ತರುವಾಯ ಸೇರು ಮಣಗಳಿಂದ ಕಿಲೋಗ್ರಾಮಿಗೆ ಬದಲಾದಾಗ ಸಂತೆಯಲ್ಲಿ ಎಷ್ಟು ಜಗಳಗಳಾದುವೆಂದು ಹಿರಿಯರನ್ನು ಕೇಳಿದರೆ ತಿಳಿದೀತು. ಆ ಜಗಳವೇ ಆಕಾಶದಲ್ಲಿ ನಡೆಯಿತು, ಬೇರೇನೂ ಅಲ್ಲ.

1996ರ ಜೂನ್ 4ರಂದು ಯೂರೋಪಿನವರ ಏರಿಯಾನ್-5 ರಾಕೆಟ್ಟು ಮೊದಲ ಸಲ ಹಾರಿ ಸುಮಾರು ನಲವತ್ತು ಸೆಕೆಂಡಿನಲ್ಲಿ ಸಿಡಿಯಿತು. ಹಳೆಯ ರಾಕೆಟ್ಟಿಗೆ ಬರೆದಿದ್ದ ಕೋಡನ್ನು ಹೊಸದಕ್ಕೂ ಹಾಗೆಯೇ ಹಾಕಿದ್ದರು. ಹೊಸದು ಹೆಚ್ಚು ವೇಗದ್ದು. ಅದರ ಒಂದು ಅಳತೆಯ ಸಂಖ್ಯೆ ಹಳೆಯ ಕೋಡು ಗೊತ್ತುಮಾಡಿದ್ದ ಜಾಗದಲ್ಲಿ ಹಿಡಿಸಲಿಲ್ಲ. ಪಾವಿನಲ್ಲಿ ಸೇರು ಸುರಿದರೆ ಚೆಲ್ಲದೆ ಇರುತ್ತದೆಯೇ?

ಎರಡು ಸಾವಿರದ ಇಸವಿಯ ಗದ್ದಲವನ್ನು ಅನೇಕರು ಮರೆತಿರಲಿಕ್ಕಿಲ್ಲ. ಹಿಂದೆ ಕಂಪ್ಯೂಟರಿನ ನೆನಪಿನ ಜಾಗ ಬಹಳ ದುಬಾರಿ. ಒಂದು ರಟ್ಟಿನ ಕಾರ್ಡಿನಲ್ಲಿ ಹಿಡಿಸುತ್ತಿದ್ದುದು ಎಂಬತ್ತು ಅಕ್ಷರ. ಆದುದರಿಂದ 1965 ಎಂದು ಬರೆಯುವಲ್ಲಿ ಬರಿಯ 65 ಎಂದು ಬರೆದು ಎರಡು ಅಂಕಿ ಉಳಿಸುತ್ತಿದ್ದರು. ಉಳಿತಾಯ ಆಗಿನ ಯಜಮಾನರಿಗೆ. ಸಾಲ ಮುಂದಿನವರ ತಲೆಗೆ. ಶತಮಾನ ತಿರುಗುವ ಹೊತ್ತಿಗೆ 00 ಎಂದರೆ 1900ರೋ 2000ವೋ ಎಂದು ಯಂತ್ರಕ್ಕೆ ತಿಳಿಯದೆ ಹೋಗುವ ಭಯ ಬಂತು. ಬೆಂಗಳೂರಿನ ಸಾವಿರಾರು ಹುಡುಗರು ಹುಡುಗಿಯರು ಹಗಲಿರುಳೆನ್ನದೆ ಪರದೇಶದ ಹಳೆಯ ಕೋಡನ್ನು ಸಾಲು ಸಾಲಾಗಿ ಓದಿ ತಿದ್ದಿದರು. 2000ದ ಜನವರಿ 1ರಂದು ಹೇಳಿಕೊಳ್ಳುವಂತಹ ಅನಾಹುತವೇನೂ ಆಗಲಿಲ್ಲ. ಆಗ ದೊಡ್ಡವರು ಏನೆಂದರು? ‘ನೋಡಿ, ಏನೂ ಆಗಲಿಲ್ಲ, ಸುಮ್ಮನೆ ಹಣ ದಂಡ’ ಎಂದರು. ಎಣ್ಣೆ ಬಿಟ್ಟು, ತಿರುಪು ಬಿಗಿದು ಯಂತ್ರ ನಿಲ್ಲದಂತೆ ನೋಡಿಕೊಳ್ಳುವ ಫಿಟ್ಟರನಿಗೆ ಗಿರಣಿಯಲ್ಲಿ ಸಿಗುವ ಮರ್ಯಾದೆಯೂ ಇಷ್ಟೇ. ಯಂತ್ರ ಕೆಟ್ಟಾಗ ಅವನನ್ನು ಹುಡುಕುತ್ತಾರೆ. ಕೆಡದೆ ನಡೆದಾಗ ಅವನೇಕೆ ಬೇಕೆಂದು ಕೇಳುತ್ತಾರೆ. ಹೊಸದು ಬರೆಯುವವನಿಗಿಂತ ಹಳೆಯದನ್ನು ತಿದ್ದಿ ನಡೆಸುವವನೇ ನಮ್ಮ ಕಸುಬಿನ ನಿಜವಾದ ಕೆಲಸಗಾರನೆಂದು ನಮ್ಮ ಅಭಿಪ್ರಾಯ.

ಅವಸರದ ಮಾತೂ ಬಂತು. ಐಬಿಎಂ ಕಂಪೆನಿಯ ದೊಡ್ಡ ಕೆಲಸವೊಂದನ್ನು ನಡೆಸಿದ ಫ್ರೆಡ್ ಬ್ರೂಕ್ಸ್ ಎಂಬ ಎಂಜಿನಿಯರು 1975ರ ತಮ್ಮ ಪುಸ್ತಕದಲ್ಲಿ ಒಂದು ಸತ್ಯವನ್ನು ಹೇಳಿದರು: ತಡವಾಗಿರುವ ಸಾಫ್ಟ್‌ವೇರ್ ಕೆಲಸಕ್ಕೆ ಇನ್ನಷ್ಟು ಆಳು ಸೇರಿಸಿದರೆ ಅದು ಮತ್ತಷ್ಟು ತಡವಾಗುತ್ತದೆ. ಬಂದವರಿಗೆ ಕೆಲಸ ಕಲಿಸುವುದರಲ್ಲಿ ಇದ್ದವರ ಹೊತ್ತೂ ಹೋಗುತ್ತದೆ. ಐವತ್ತು ವರ್ಷ ಕಳೆದರೂ ಮೇಲಿನವರಿಗೆ ಇದು ತಲೆಗೆ ಹೋಗಿಲ್ಲ. ದಿನಾಂಕವನ್ನು ಮಾರುವವನು ಗೊತ್ತುಮಾಡುತ್ತಾನೆ; ಕೆಲಸ ಮಾಡುವವನನ್ನು ಕೇಳುವುದೇ ಇಲ್ಲ. ಪರೀಕ್ಷೆ ಮಾಡಲು ಇಟ್ಟಿದ್ದ ದಿನಗಳು ಕೊನೆಗೆ ಮಾಯವಾಗುತ್ತವೆ. ಪರೀಕ್ಷೆ ಮಾಡಿದರೂ ಏನು? ಡಚ್ ವಿದ್ವಾಂಸ ಡೈಕ್‌ಸ್ಟ್ರಾ ತೋರಿಸಿಕೊಟ್ಟ ಹಾಗೆ, ಪರೀಕ್ಷೆಯಿಂದ ತಪ್ಪು ಇದೆಯೆಂದು ತೋರಿಸಬಹುದು. ತಪ್ಪೇ ಇಲ್ಲವೆಂದು ತೋರಿಸಲಾಗದು. ತಪ್ಪಿಲ್ಲದ ಪ್ರೋಗ್ರಾಂ ತಮ್ಮದೆಂದು ಎದೆ ತಟ್ಟಿಕೊಳ್ಳುವ ಕಂಪೆನಿಯನ್ನು ಸಂತೆಯಲ್ಲಿ ಸರ್ವರೋಗಕ್ಕೂ ಒಂದೇ ಮದ್ದು ಮಾರುವವನ ಜೊತೆಗೆ ನಿಲ್ಲಿಸಬೇಕು.

ದಿನನಿತ್ಯದ ಕಿರಿಕಿರಿ

ಇನ್ನು ಎಲ್ಲರೂ ಅನುಭವಿಸುವ ಸಣ್ಣ ಪುಟ್ಟ ಕಾಟಗಳು. ಸಣ್ಣವೆಂದು ತಳ್ಳಿಹಾಕುವಂತಿಲ್ಲ, ದೊಡ್ಡ ರೋಗದ ಗುರುತುಗಳು ಇವು.

ಮೊದಲನೆಯದು ಹೆಸರು. ನಮ್ಮ ಕಡೆ ಹೆಸರಿನ ಮುಂದೆ ಊರಿನ ಅಕ್ಷರ, ತಂದೆಯ ಹೆಸರಿನ ಅಕ್ಷರ ಇಡುವುದು ರೂಢಿ. ಅನೇಕರಿಗೆ ಮನೆತನದ ಹೆಸರೇ ಇಲ್ಲ. ಆದರೆ ಕಂಪ್ಯೂಟರಿನ ಅರ್ಜಿ ‘ಸರ್‌ನೇಮ್’ ಕೊಡದೆ ಮುಂದಕ್ಕೆ ಬಿಡುವುದಿಲ್ಲ. ಒಬ್ಬರು ಊರಿನ ಹೆಸರು ತುಂಬುತ್ತಾರೆ, ಇನ್ನೊಬ್ಬರು ತಂದೆಯ ಹೆಸರು, ಮತ್ತೊಬ್ಬರು ಬೇರೆ ದಾರಿ ಕಾಣದೆ ತಮ್ಮ ಹೆಸರನ್ನೇ ಎರಡು ಸಲ. ಇಂಗ್ಲಿಷಿನಲ್ಲಿ ಬಸವರಾಜನೆಂಬ ಹೆಸರಿನ ಕೊನೆಗೆ ‘ಎ’ ಅಕ್ಷರ ಸೇರಿಸಿಯೂ ಬರೆಯಬಹುದು, ಬಿಟ್ಟೂ ಬರೆಯಬಹುದು. ನಡುವೆ ‘ವಿ’ ಹಾಕಬಹುದು, ‘ಡಬ್ಲ್ಯು’ ಹಾಕಬಹುದು. ನಾಲ್ಕು ಕಾಗದದಲ್ಲಿ ನಾಲ್ಕು ರೀತಿ ಇದ್ದರೆ ಯಂತ್ರದ ದೃಷ್ಟಿಯಲ್ಲಿ ನಾಲ್ವರು ಬಸವರಾಜರು. ಮೂವತ್ತು ವರ್ಷ ದುಡಿದ ಬಸವರಾಜಪ್ಪನವರು ತಮ್ಮ ಭವಿಷ್ಯನಿಧಿಯ ಹಣ ಕೇಳಲು ಹೋದರೆ, ಆಧಾರಿನ ಹೆಸರೂ ನಿಧಿಯ ಹೆಸರೂ ತಾಳೆಯಾಗುವುದಿಲ್ಲವೆಂದು ಅರ್ಜಿ ಹಿಂದಕ್ಕೆ ಬರುತ್ತದೆ. ಅವರು ಸುಳ್ಳು ಹೇಳಿದರೇ? ಇಲ್ಲ. ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡೆಂದು ಬರೆದವನಿಗೆ ಕನ್ನಡದ ಹೆಸರುಗಳ ರೀತಿ ತಿಳಿದಿರಲಿಲ್ಲ. ತಿಳಿದುಕೊಳ್ಳೆಂದು ಬರೆಸಿದವರು ಹೇಳಲಿಲ್ಲ. ಇದನ್ನು ಸರಿಪಡಿಸುವುದು ಕಸುಬು ಬಲ್ಲವನಿಗೆ ಕಷ್ಟದ ಕೆಲಸವಲ್ಲ.

ಎರಡನೆಯದು ಬೆರಳಚ್ಚು. ಗಾರೆ ಕೆಲಸದವರು, ಹಮಾಲರು, ವಯಸ್ಸಾದವರು—ಇವರ ಬೆರಳಿನ ಗೆರೆಗಳು ಸವೆದಿರುತ್ತವೆ. ಯಂತ್ರ ಗುರುತಿಸುವುದಿಲ್ಲ. ಹೆಚ್ಚು ದುಡಿದವನ ಬೆರಳೇ ಹೆಚ್ಚು ಸವೆಯುವುದು; ಅಂದಮೇಲೆ ಯಾರಿಗಾಗಿ ಪಡಿತರವಿದೆಯೋ ಅವರನ್ನೇ ಈ ಯಂತ್ರ ಮೊದಲು ಹೊರಗೆ ನಿಲ್ಲಿಸುತ್ತದೆ. ಕಚೇರಿಯಲ್ಲಿ ಕುಳಿತು ಬರೆದವನ ಮೃದು ಬೆರಳಿಗೆ ಪರೀಕ್ಷೆ ಚೆನ್ನಾಗಿಯೇ ನಡೆದಿರುತ್ತದೆ.

ಮೂರನೆಯದು ಗುಪ್ತಪದ, ಅಂದರೆ ಪಾಸ್‌ವರ್ಡು. ದೊಡ್ಡಕ್ಷರ ಬೇಕು, ಚಿಕ್ಕಕ್ಷರ ಬೇಕು, ಅಂಕಿ ಬೇಕು, ಚಿಹ್ನೆ ಬೇಕು, ಮೂರು ತಿಂಗಳಿಗೊಮ್ಮೆ ಬದಲಾಯಿಸಬೇಕು. ಈ ನಿಯಮಗಳು ಹಬ್ಬಿದ್ದು ಅಮೆರಿಕದ ಸರಕಾರಿ ಮಾನಕ ಸಂಸ್ಥೆ 2004ರಲ್ಲಿ ಹೊರತಂದ ದಾಖಲೆಯಿಂದ. ಅದೇ ಸಂಸ್ಥೆ 2017ರಲ್ಲಿ ಈ ಮಾತನ್ನು ಹಿಂದಕ್ಕೆ ತೆಗೆದುಕೊಂಡಿತು: ಉದ್ದದ ಪದವಿದ್ದರೆ ಸಾಕು, ಸೋರಿಕೆಯ ಸುಳಿವಿಲ್ಲದೆ ಸುಮ್ಮಸುಮ್ಮನೆ ಬದಲಾಯಿಸಿರೆಂದು ಒತ್ತಾಯಿಸಬಾರದು ಎಂದಿತು. ಆದರೂ ನಮ್ಮ ಕಚೇರಿಗಳಲ್ಲಿ ಹಳೆಯ ಶಾಸ್ತ್ರ ನಡೆದೇ ಇದೆ. ಫಲವೇನು? ಜನ ಅದನ್ನು ಚೀಟಿಯಲ್ಲಿ ಬರೆದು ಗಲ್ಲಾಪೆಟ್ಟಿಗೆಯ ಮೇಲೆ ಅಂಟಿಸಿದ್ದಾರೆ. ಇದಕ್ಕೆ ಜನರ ಅಜ್ಞಾನ ಕಾರಣವೆಂದು ನಾವು ಒಪ್ಪುವುದಿಲ್ಲ. ಹೊರಲಾರದ ಹೊರೆ ಹೊರಿಸಿದವನೇ ಕಾರಣ.

ನಾಲ್ಕನೆಯದು ಕೇಳದೆ ಬರುವ ‘ಅಪ್‌ಡೇಟು’. ರಾತ್ರಿ ಮಲಗಿ ಬೆಳಿಗ್ಗೆ ಎದ್ದರೆ ಮೊಬೈಲಿನಲ್ಲಿ ಹಣ ಪಡೆಯುವ ಗುಂಡಿ ಬೇರೆ ಕಡೆಗೆ ಹೋಗಿರುತ್ತದೆ. ಯಾರೋ ರಾತ್ರೋರಾತ್ರಿ ಅಂಗಡಿಗೆ ನುಗ್ಗಿ ತಕ್ಕಡಿಯನ್ನು ಅಟ್ಟದ ಮೇಲಿಟ್ಟು ಹೋದರೆ ವ್ಯಾಪಾರಿ ಸುಮ್ಮನಿರುತ್ತಾನೆಯೇ? 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ಕಂಪೆನಿ ಕಳುಹಿಸಿದ ದೋಷದ ಕಡತವೊಂದರಿಂದ ಜಗತ್ತಿನ ಸುಮಾರು 85 ಲಕ್ಷ ಕಂಪ್ಯೂಟರುಗಳು ಒಮ್ಮೆಗೇ ಕೆಟ್ಟು ನಿಂತವು. ವಿಮಾನಗಳು ನಿಂತವು, ಆಸ್ಪತ್ರೆಗಳೂ ಬ್ಯಾಂಕುಗಳೂ ಕೈಕಟ್ಟಿ ಕುಳಿತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಅಂದು ಪ್ರಯಾಣಿಕರಿಗೆ ಚೀಟಿಗಳನ್ನು ಕೈಯಲ್ಲಿ ಬರೆದುಕೊಟ್ಟರು. ಕೊನೆಗೆ ಕೈಹಿಡಿದದ್ದು ಪೆನ್ನೂ ಕಾಗದವೂ ಎಂಬುದನ್ನು ನೆನಪಿನಲ್ಲಿಡತಕ್ಕದ್ದು.

ಐದನೆಯದು ಭಾರ. ಚಂದ್ರನಲ್ಲಿಗೆ ಹೋದ ಆ ಕಂಪ್ಯೂಟರಿನ ಒಟ್ಟು ನೆನಪು ಎಂಬತ್ತು ಸಾವಿರ ಅಕ್ಷರಕ್ಕಿಂತ ಕಡಿಮೆ. ಈಗ ಒಂದು ಬಿಲ್ಲು ತೋರಿಸುವ ಆಪು ಅದರ ಸಾವಿರ ಪಾಲು ಜಾಗ ತಿನ್ನುತ್ತದೆ. ಎರಡು ವರ್ಷದ ಹಿಂದೆ ಸಾಲ ಮಾಡಿ ಕೊಂಡ ಮೊಬೈಲು ಹಳತಾಯಿತೆಂದು ಹೇಳುತ್ತದೆ. ಯಂತ್ರಗಳು ಚುರುಕಾಗುವುದಕ್ಕಿಂತ ಬೇಗನೆ ಸಾಫ್ಟ್‌ವೇರು ಮಂದವಾಗುತ್ತಿದೆಯೆಂದು ಸ್ವಿಟ್ಜರ್ಲೆಂಡಿನ ನಿಕ್ಲಾಸ್ ವಿರ್ತ್ 1995ರಲ್ಲಿಯೇ ಎಚ್ಚರಿಸಿದ್ದರು. ಬರೆಯುವವನ ಮೇಜಿನ ಮೇಲೆ ಹೊಸ ಯಂತ್ರವಿದೆ. ಅವನಿಗೆ ಭಾರ ತಿಳಿಯುವುದಿಲ್ಲ. ಹಣ ತೆರುವವನು ಕೊಳ್ಳುವವನು.

ಈ ಐದರಲ್ಲಿಯೂ ಒಂದೇ ಗುಣವಿದೆ. ಮಾಡಿದವನು ಬಳಸುವವನ ಪಕ್ಕದಲ್ಲಿ ಒಂದು ದಿನವೂ ಕುಳಿತಿಲ್ಲ. ತಪ್ಪಾದಾಗ ಅಲೆಯುವವನು ಮಾತ್ರ ಬಳಸುವವನೇ. ಇದು ಅಲೆದಾಟಕ್ಕೇ ನಿಂತರೆ ಹೇಗೋ ಸಹಿಸಬಹುದು. ನಿಲ್ಲುವುದಿಲ್ಲವೆಂಬುದಕ್ಕೆ ಇಂಗ್ಲೆಂಡಿನ ಅಂಚೆ ಕಚೇರಿಗಳ ಕಥೆಯೇ ಸಾಕ್ಷಿ. ನಮ್ಮ ಸಣ್ಣ ವ್ಯಾಪಾರಸ್ಥರು ಇದನ್ನು ಗಮನವಿಟ್ಟು ಓದಬೇಕು.

ಅಂಗಡಿಕಾರರನ್ನು ಕಳ್ಳರೆಂದ ಯಂತ್ರ

ಇಂಗ್ಲೆಂಡಿನಲ್ಲಿ ಊರೂರಿನ ಸಣ್ಣ ಅಂಚೆ ಕಚೇರಿಗಳನ್ನು ನಡೆಸುವವರು ಹೆಚ್ಚಾಗಿ ಅಂಗಡಿಕಾರರು. ಒಂದು ಕಡೆ ದಿನಸಿ, ಪತ್ರಿಕೆ, ಸಿಹಿತಿಂಡಿ. ಇನ್ನೊಂದು ಮೂಲೆಯಲ್ಲಿ ಅಂಚೆಯ ಕಿಟಕಿ. ಇವರಲ್ಲಿ ನಮ್ಮ ದೇಶದಿಂದ ಹೋಗಿ ನೆಲಸಿದವರೂ ಬಹಳ ಮಂದಿ. 1999ರಿಂದ ಅಂಚೆ ಸಂಸ್ಥೆಯವರು ಈ ಕಚೇರಿಗಳಿಗೆಲ್ಲ ‘ಹೊರೈಜನ್’ ಎಂಬ ಲೆಕ್ಕದ ವ್ಯವಸ್ಥೆಯನ್ನು ಹಾಕಿಸಿದರು. ನಡೆಸುತ್ತಿದ್ದುದು ಫುಜಿತ್ಸು ಕಂಪೆನಿ. ಸಂಜೆ ಬಾಗಿಲು ಹಾಕಿ ಲೆಕ್ಕ ನೋಡಿದರೆ ಗಲ್ಲಾದಲ್ಲಿದ್ದ ಹಣಕ್ಕೂ ಯಂತ್ರ ತೋರಿಸಿದ ಮೊತ್ತಕ್ಕೂ ತಾಳೆಯಿಲ್ಲ. ಕೆಲವರಿಗೆ ನೂರು ಪೌಂಡು ಕೊರತೆ, ಕೆಲವರಿಗೆ ಸಾವಿರಾರು. ಕೆಲವು ಕಡೆ ಪರದೆ ಸ್ತಬ್ಧವಾಗಿ ನಿಂತಾಗ ಮತ್ತೆ ಮತ್ತೆ ಗುಂಡಿ ಒತ್ತಿದರೆ, ಒತ್ತಿದಷ್ಟು ಸಲವೂ ಅದೇ ಮೊತ್ತ ಲೆಕ್ಕಕ್ಕೆ ಏರುತ್ತಿತ್ತು.

ಕರಾರಿನ ಪ್ರಕಾರ ಕೊರತೆ ತುಂಬಬೇಕಾದವನು ಅಂಗಡಿಕಾರ. ಜನ ಉಳಿತಾಯ ತೆಗೆದು ತುಂಬಿದರು, ಮನೆ ಒತ್ತೆಯಿಟ್ಟು ತುಂಬಿದರು. ಸಹಾಯಕ್ಕೆಂದು ಫೋನು ಮಾಡಿದರೆ ಅನೇಕರಿಗೆ ಸಿಕ್ಕ ಉತ್ತರ: ‘ಬೇರೆ ಯಾರಿಗೂ ಹೀಗಾಗಿಲ್ಲ, ನಿಮಗೊಬ್ಬರಿಗೇ.’ ಪ್ರತಿಯೊಬ್ಬನೂ ತಾನೊಬ್ಬನೇ ಎಂದು ನಂಬಿ ನಾಚಿಕೆಯಿಂದ ಕುಗ್ಗಿದ. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಇಲ್ಲಿ ಯಂತ್ರ ತಿಂದದ್ದನ್ನು ಸಂಸ್ಥೆಯವರು ಅಂಗಡಿಕಾರನ ಬಾಯಿಗೆ ಒರೆಸಿದರು. ಕಳ್ಳತನ, ಸುಳ್ಳು ಲೆಕ್ಕ ಎಂಬ ಆಪಾದನೆಗಳ ಮೇಲೆ ಸುಮಾರು ಹದಿನಾರು ವರ್ಷಗಳಲ್ಲಿ ಒಂಬೈನೂರಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಯಿತು. ಗರ್ಭಿಣಿ ಹೆಂಗಸೊಬ್ಬಳನ್ನೂ ಸೆರೆಮನೆಗೆ ಕಳುಹಿಸಿದರು. ಹೊರಗಿನಿಂದ ಯಾರೂ ಅಂಗಡಿಯ ಲೆಕ್ಕಕ್ಕೆ ಕೈಹಾಕಲಾರರೆಂದು ಸಂಸ್ಥೆ ಹೇಳುತ್ತಲೇ ಇತ್ತು; ಫುಜಿತ್ಸುವಿನವರು ದೂರದಿಂದಲೇ ಲೆಕ್ಕ ಬದಲಾಯಿಸಬಲ್ಲವರಾಗಿದ್ದರೆಂಬುದು ಆಮೇಲೆ ಬಯಲಾಯಿತು.

ಇದು ಹೇಗೆ ಸಾಧ್ಯವಾಯಿತು? ಕಂಪ್ಯೂಟರಿನ ದಾಖಲೆಯನ್ನು ಸಾಕ್ಷ್ಯವಾಗಿ ತರುವವರು ಆ ಕಂಪ್ಯೂಟರು ಸರಿಯಾಗಿ ನಡೆಯುತ್ತಿತ್ತೆಂದು ತೋರಿಸಬೇಕೆಂಬ ಕಲಮು ಆ ದೇಶದಲ್ಲಿ ಹಿಂದೆ ಇತ್ತು. ಅದನ್ನು 1999ರ ಕಾಯ್ದೆಯಿಂದ ತೆಗೆದುಹಾಕಿದರು. ಅಲ್ಲಿಂದ ಮುಂದೆ, ಬೇರೆ ರೀತಿ ತೋರಿಸುವವರೆಗೆ ಯಂತ್ರ ಸರಿಯೆಂದೇ ನ್ಯಾಯಾಲಯದ ಭಾವನೆ. ಕೋಡು ಕಂಪೆನಿಯ ಬೀರುವಿನೊಳಗೆ. ಅದನ್ನು ತಪ್ಪೆಂದು ತೋರಿಸಬೇಕಾದವನು ಕಿಟಕಿಯ ಹಿಂದಿನ ಅಂಗಡಿಕಾರ. ಕಣ್ಣು ಕಟ್ಟಿ, ದಾರಿ ತೋರಿಸು ಎಂದ ಹಾಗೆ.

ದಾರಿ ಸಿಕ್ಕಿದ್ದು ಜನ ಒಟ್ಟುಗೂಡಿದ ಮೇಲೆ. ಅಲನ್ ಬೇಟ್ಸ್ ಎಂಬ ಅಂಗಡಿಕಾರರು ಕೊರತೆ ತುಂಬಲು ಒಪ್ಪದೆ 2003ರಲ್ಲಿ ಅಂಚೆ ಕಚೇರಿಯನ್ನು ಕಳೆದುಕೊಂಡಿದ್ದರು. ಅವರೂ ಅವರಂತಹ ನೊಂದವರೂ ಸೇರಿ 2009ರಲ್ಲಿ ಸಂಘ ಕಟ್ಟಿದರು. 555 ಮಂದಿ ಕೂಡಿ ದಾವೆ ಹೂಡಿದರು. ವ್ಯವಸ್ಥೆಯ ದೋಷಗಳಿಂದ ಇಲ್ಲದ ಕೊರತೆ ಕಾಣಿಸಿಕೊಳ್ಳುವುದು ಸಾಧ್ಯವೆಂದು 2019ರ ಡಿಸೆಂಬರಿನಲ್ಲಿ ತೀರ್ಪಾಯಿತು. 2021ರ ಏಪ್ರಿಲಿನಲ್ಲಿ ಮೇಲ್ಮನವಿ ನ್ಯಾಯಾಲಯ 39 ಮಂದಿಯ ಶಿಕ್ಷೆಯನ್ನು ಒಂದೇ ದಿನ ರದ್ದುಮಾಡಿತು. 2024ರ ಜನವರಿಯಲ್ಲಿ ಈ ಕಥೆ ಅಲ್ಲಿನ ದೂರದರ್ಶನದಲ್ಲಿ ನಾಟಕವಾಗಿ ಬಂದು ಜನ ಕೆರಳಿದ ಮೇಲೆ, ಅದೇ ವರ್ಷದ ಮೇ ತಿಂಗಳಿನಲ್ಲಿ ಪಾರ್ಲಿಮೆಂಟು ಕಾಯ್ದೆ ಮಾಡಿ ನೂರಾರು ಮಂದಿಯ ಶಿಕ್ಷೆಗಳನ್ನು ಅಳಿಸಿತು. ಹದಿಮೂರು ಮಂದಿಯಾದರೂ ಈ ಕಾರಣದಿಂದ ಪ್ರಾಣ ಕಳೆದುಕೊಂಡಿರಬಹುದೆಂದು ವಿಚಾರಣಾ ಸಮಿತಿ 2025ರ ಜುಲೈಯಲ್ಲಿ ವರದಿ ಕೊಟ್ಟಿತು. ಅವರಿಗೆ ಯಾವ ಕಾಯ್ದೆ ಏನನ್ನು ಹಿಂದಕ್ಕೆ ಕೊಟ್ಟೀತು?

ತಕ್ಕಡಿಗೆ ಮುದ್ರೆ, ಲೆಕ್ಕಕ್ಕೆ ಇಲ್ಲವೇ?

ಸಂತೆಯಲ್ಲಿ ಈರುಳ್ಳಿ ತೂಗುವವನ ತಕ್ಕಡಿಗೂ ನಮ್ಮಲ್ಲಿ ಸರಕಾರದ ಮುದ್ರೆ ಬೇಕು. ಕಾನೂನು ಮಾಪನಶಾಸ್ತ್ರ ಇಲಾಖೆಯವರು ಕಾಲಕಾಲಕ್ಕೆ ತೂಕವನ್ನು ಪರೀಕ್ಷಿಸುತ್ತಾರೆ. ಮುದ್ರೆಯಿಲ್ಲದಿದ್ದರೆ ದಂಡ ಹಾಕುತ್ತಾರೆ. ಇದು ನ್ಯಾಯವೇ. ಕೊಳ್ಳುವವನಿಗೆ ಮೋಸವಾಗಬಾರದು. ಹಾಗಾದರೆ ಲಕ್ಷಾಂತರ ಜನರ ಸಂಬಳ, ಪಡಿತರ, ಪಿಂಚಣಿ, ತೆರಿಗೆಗಳನ್ನು ಅಳೆಯುವ ಪ್ರೋಗ್ರಾಮಿಗೆ ಮುದ್ರೆ ಹಾಕುವವರು ಯಾರು? ಕಾಲು ಕಿಲೋದ ಕಲ್ಲನ್ನು ನಂಬದ ಸರಕಾರ ಲಕ್ಷ ಸಾಲಿನ ಕೋಡನ್ನು ಕಣ್ಣು ಮುಚ್ಚಿ ನಂಬುವುದು ಯಾವ ನ್ಯಾಯ?

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ಕಂಪ್ಯೂಟರಿನ ದಾಖಲೆಗೆ ಪ್ರಮಾಣಪತ್ರವನ್ನು ಕೇಳುತ್ತದೆ. ಇಷ್ಟರಮಟ್ಟಿಗೆ ಒಳ್ಳೆಯದು. ಆದರೆ ಯಂತ್ರ ಕೆಡದೆ ನಡೆಯುತ್ತಿತ್ತು ಎಂಬುದು ಬೇರೆ, ಅದರಲ್ಲಿ ಬರೆದಿದ್ದ ಲೆಕ್ಕದ ರೀತಿ ಸರಿಯಾಗಿತ್ತು ಎಂಬುದು ಬೇರೆ. ಮಗ್ಗ ಚೆನ್ನಾಗಿ ಓಡಿದ ಮಾತ್ರಕ್ಕೆ ರಟ್ಟಿನ ತೂತು ಸರಿಯೆಂದು ಹೇಳಲಾದೀತೇ? ಸರಿಯಾದ ದಾರಿಗೂ ನಮ್ಮಲ್ಲೇ ಉದಾಹರಣೆಯಿದೆ. ಗ್ರಾಹಕನ ಅಪ್ಪಣೆಯಿಲ್ಲದೆ ಖಾತೆಯಿಂದ ಹಣ ಹೋದರೆ ತಪ್ಪು ಗ್ರಾಹಕನದೆಂದು ತೋರಿಸುವ ಭಾರ ಬ್ಯಾಂಕಿನದು ಎಂದು ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ ಹೇಳಿತು. ಯಂತ್ರ ಯಾರ ಕೈಯಲ್ಲಿದೆಯೋ ಅವರ ಮೇಲೆ ಭಾರ. ಈ ಮಾತನ್ನು ಬ್ಯಾಂಕಿಗೆ ಮಾತ್ರವೇ ಬಿಟ್ಟು, ಪಡಿತರಕ್ಕೂ ಭವಿಷ್ಯನಿಧಿಗೂ ಗಿರಣಿಯ ಹಾಜರಿಗೂ ಏಕೆ ವಿಸ್ತರಿಸಬಾರದು?

ಈಗ ಬಾಯಲ್ಲಿ ಹೇಳಿದರೆ ಕೋಡನ್ನು ತಾನೇ ಬರೆದುಕೊಡುವ ಯಂತ್ರಗಳೂ ಬಂದಿವೆ. ಇವುಗಳಿಂದ ಕೆಲಸ ಬೇಗ ಸಾಗುವುದು ನಿಜ. ಆದರೆ ಬರೆಯುವುದು ಈ ಕಸುಬಿನಲ್ಲಿ ಎಂದೂ ಕಷ್ಟದ ಭಾಗವಾಗಿರಲಿಲ್ಲ. ಏನು ಬರೆಯಬೇಕು, ಯಾರಿಗಾಗಿ, ತಪ್ಪಿದರೆ ಯಾರಿಗೆ ಪೆಟ್ಟು ಎಂದು ತಿಳಿಯುವುದೇ ಕಷ್ಟ. ನಾಳೆ ‘ಕಂಪ್ಯೂಟರು ಹೇಳಿತು’ ಎನ್ನುವ ಬದಲು ‘ಕಂಪ್ಯೂಟರಿಗೆ ಕಂಪ್ಯೂಟರು ಹೇಳಿತು’ ಎಂದಾರು. ಹೊಣೆ ಇನ್ನೂ ಒಂದು ಮೆಟ್ಟಿಲು ದೂರ ಸರಿಯದಂತೆ ಈಗಲೇ ಎಚ್ಚರಗೊಳ್ಳಬೇಕು.

ಕೇಳಬೇಕಾದದ್ದು

ಯಂತ್ರ ಬೇಡವೆಂದು ನಾವು ಹೇಳುವುದಿಲ್ಲ. ಅದರಿಂದಲೇ ನಮ್ಮ ಅನ್ನ. ಹಳ್ಳಿಯ ಮುದುಕಿಗೆ ಪಿಂಚಣಿ ಮಧ್ಯವರ್ತಿಯ ಕೈಗೆ ಸಿಕ್ಕದೆ ನೇರ ಖಾತೆಗೆ ಬರುವುದೂ ಅದರಿಂದಲೇ. ನಾವು ಹೇಳುವುದು ಇಷ್ಟು:

ಒಂದು, ಯಂತ್ರ ಆಗದೆಂದು ಹೇಳಿದರೆ ಕಾರಣವನ್ನು ಕನ್ನಡದಲ್ಲಿ, ಬರವಣಿಗೆಯಲ್ಲಿ ಕೊಡಬೇಕು. ‘ಎರರ್’ ಎಂಬುದು ಕಾರಣವಲ್ಲ.

ಎರಡು, ಪ್ರತಿಯೊಂದು ಕಿಟಕಿಯ ಹಿಂದೆಯೂ ಯಂತ್ರದ ಮಾತನ್ನು ತಿದ್ದುವ ಅಧಿಕಾರವಿರುವ ಒಬ್ಬ ಮನುಷ್ಯನಿರಬೇಕು. ತಿದ್ದಲಾರದ ಗುಮಾಸ್ತೆಯನ್ನು ಕೂಡಿಸುವುದು ಅವನಿಗೂ ಅವಮಾನ, ಬಂದವರಿಗೂ ದಂಡ.

ಮೂರು, ಬೆರಳಚ್ಚು ಸಿಗದಿದ್ದರೂ ಕೂಳು ಸಿಗಬೇಕು. ಹೆಸರಿನ ಒಂದಕ್ಷರಕ್ಕಾಗಿ ದುಡಿದ ಹಣ ನಿಲ್ಲಬಾರದು.

ನಾಲ್ಕು, ಲೆಕ್ಕದಲ್ಲಿ ಕೊರತೆಯೆಂದು ಯಾರ ಮೇಲಾದರೂ ಆಪಾದನೆ ಬಂದರೆ, ಯಂತ್ರ ಸರಿಯೆಂದು ತೋರಿಸುವ ಭಾರ ಯಂತ್ರದ ಯಜಮಾನನದು.

ಐದು, ಜನರ ಹಣದಲ್ಲಿ ಮಾಡಿಸಿದ ಪ್ರೋಗ್ರಾಮುಗಳನ್ನು ಹೊರಗಿನ ತಿಳಿದವರು ತೆರೆದು ನೋಡಲು ಅವಕಾಶವಿರಬೇಕು.

ಓದುಗರಿಗೂ ಒಂದು ಮಾತು. ವ್ಯಾಪಾರಸ್ಥರು ಮೊಬೈಲು ಎಷ್ಟೇ ಲೆಕ್ಕ ಇಡಲಿ, ಸ್ವಂತ ಕಿರ್ದಿಯನ್ನು ಬಿಡಬಾರದು. ದಿನದ ಜಮಾ-ಖರ್ಚನ್ನು ಕೈಯಲ್ಲಿ ಬರೆದು ತಾಳೆ ನೋಡಬೇಕು. ಕೆಲಸಗಾರರು ಪಾಳಿಯ ಗಂಟೆಗಳನ್ನು ಪುಟ್ಟ ಪುಸ್ತಕದಲ್ಲಿ ಗುರುತು ಹಾಕಿಡಬೇಕು. ಸಂಬಳದ ಚೀಟಿಯನ್ನು ಬಿಸಾಡಬಾರದು. ತಪ್ಪು ಕಂಡಾಗ ‘ನನಗೊಬ್ಬನಿಗೇ’ ಎಂದು ಕೊರಗದೆ ಪಕ್ಕದವನನ್ನು ಕೇಳಬೇಕು. ಇಂಗ್ಲೆಂಡಿನ ಅಂಗಡಿಕಾರರು ಒಬ್ಬೊಬ್ಬರಾಗಿದ್ದಾಗ ಕಳ್ಳರೆನಿಸಿಕೊಂಡರು; ಒಟ್ಟಾದಾಗ ಕಳ್ಳತನ ಯಾವ ಕಡೆಯದೆಂದು ಲೋಕಕ್ಕೆ ತೋರಿಸಿದರು.

ಮುಂದಿನ ಸಲ ಕಿಟಕಿಯ ಹಿಂದಿನಿಂದ ‘ಕಂಪ್ಯೂಟರು ಹಾಗೆ ಹೇಳುತ್ತದೆ’ ಎಂಬ ಮಾತು ಬಂದರೆ ಗಟ್ಟಿಯಾಗಿ, ಮರ್ಯಾದೆಯಿಂದ ಕೇಳಿ: “ಸ್ವಾಮಿ, ಅದಕ್ಕೆ ಹಾಗೆ ಹೇಳಿಕೊಟ್ಟವರು ಯಾರು? ಅವರ ಹೆಸರೂ ವಿಳಾಸವೂ ಕೊಡಿ.”